1998ರ ಮಾರುತಿ 800ಕ್ಕೆ ಗುಜರಿ ಆಲ್ಟೊ ಎಂಜಿನ್: ವೈರಿಂಗ್ ಎಲ್ಲಿಂದ ಎಲ್ಲಿವರೆಗೆ ಕೀಳಬೇಕು?

ನಿಟುವಳ್ಳಿ 800 (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೇಲಿ 1998ರ ಮಾರುತಿ 800 ಇದೆ. ಕಾರ್ಬ್ಯುರೇಟರ್ ಗಾಡಿ, ಕೆಎ-17 ನಂಬರ್. ಅಪ್ಪ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಅಂಗಡಿಯೊಂದರಲ್ಲಿ ಲೆಕ್ಕ ಬರೀತಿದ್ದಾಗ ಹೊಸದೇ ತಗೊಂಡಿದ್ದು. ಬಾಡಿ ಗಟ್ಟಿಯಾಗಿದೆ. ಕಾಲಿಡೋ ಜಾಗದಲ್ಲಿ ಎರಡು ಕಡೆ ತುಕ್ಕು ಹಿಡಿದಿತ್ತು, ತಗಡು ಹೊಡೆಸಿದ್ದೀನಿ. ಎಫ್‌ಸಿ 2028ರ ವರೆಗೂ ಇದೆ. ಮಾರೋ ಮಾತೇ ಇಲ್ಲ, ಅಪ್ಪ ಈಗಲೂ ವಾರಕ್ಕೆರಡು ಸಲ ಇದನ್ನೇ ಓಡಿಸ್ತಾರೆ.

ತೊಂದರೆ ಇರೋದು ಎಂಜಿನ್ನಲ್ಲಿ. ಎರಡು ಸಲ ಬೋರ್ ಆಗಿ (ಸವೆದ ಸಿಲಿಂಡರ್ ಕೊರೆಸಿ) ಈಗ 0.50 ಓವರ್‌ಸೈಜ್ ಪಿಸ್ಟನ್ ಕೂತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಪಕ್ಕದ ಮನೆಯವರು ಕಿಟಕಿ ಹಾಕ್ಕೊಳ್ಳೋ ಅಷ್ಟು ನೀಲಿ ಹೊಗೆ. ದುರ್ಗಕ್ಕೆ ಹೋಗಿ ಬರೋಷ್ಟರಲ್ಲಿ ಅರ್ಧ ಲೀಟರ್ ಆಯಿಲ್ ಖಾಲಿ. ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿ ತೊಳೆಸಿದ್ರೂ ಐಡ್ಲಿಂಗ್ ನಿಲ್ತಿಲ್ಲ.

ಹಳೇ ಊರಿನ ಗುಜರಿಯೊಂದರಲ್ಲಿ 2006ರ ಆಲ್ಟೊ ನೋಡಿ ಬಂದೆ. ಹೈವೇಯಲ್ಲಿ ಹಿಂದಿನಿಂದ ಲಾರಿ ಗುದ್ದಿದ ಗಾಡಿ. ಡಿಕ್ಕಿ ಹಿಂದಿನ ಸೀಟಿನವರೆಗೂ ಬಂದಿದೆ, ಆದರೆ ಬಾನೆಟ್ ಎತ್ತಿದ್ರೆ ಏನೂ ಆಗಿಲ್ಲ. ಮೀಟರಿನಲ್ಲಿ 86 ಸಾವಿರ ತೋರಿಸುತ್ತೆ. ಎಂಜಿನ್, ಗೇರ್‌ಬಾಕ್ಸ್ ಸೇರಿ 24,000 ಕೇಳ್ತಿದ್ದಾರೆ. ವೈರಿಂಗ್ ಬೇಕಿದ್ರೆ ಕತ್ತರಿಸಿ ಕೊಡ್ತೀನಿ, 2,000 ಕೊಡಿ ಅಂದ್ರು. ಪೂರ್ತಿ ಗಾಡಿ ಎತ್ತಿಕೊಂಡ್ರೆ 38,000, ಬೇಕಾದ್ದು ಬಿಚ್ಚಿಕೊಂಡ ಮೇಲೆ ಖಾಲಿ ಬಾಡಿ 9,000ಕ್ಕೆ ಅವರೇ ವಾಪಸ್ ತಗೋತಾರಂತೆ.

ನಾನು ಬೋರ್‌ವೆಲ್ ಪ್ಯಾನೆಲ್ ಬೋರ್ಡ್ ಕೆಲಸ ಮಾಡೋನು. ಸ್ಟಾರ್ಟರ್, ರಿಲೇ, ಕಾಂಟ್ಯಾಕ್ಟರ್ ಎಲ್ಲ ಗೊತ್ತು, ಮೀಟರ್ ಹಿಡಿಯೋಕೆ ಬರುತ್ತೆ. ಆದರೆ ಗಾಡಿಯ ಇಸಿಎಂ, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್ ಡಬ್ಬಿ, ಯಾವತ್ತೂ ಮುಟ್ಟಿಲ್ಲ. ನಮ್ಮ ಮೆಕ್ಯಾನಿಕ್ ಮೂರು ದಿನದ ಕೆಲಸ, ಎಂಜಿನ್ನಿಗೆ ಬೇಕಾದ ನಾಲ್ಕು ವೈರ್ ಹಳೇದಕ್ಕೇ ಜೋಡಿಸಿದ್ರಾಯ್ತು ಅಂತಾರೆ. ನನಗೆ ಧೈರ್ಯ ಬರ್ತಿಲ್ಲ. ಕತ್ತರಿಸಿದ ವೈರಿಂಗ್ ಸಾಕಾಗುತ್ತಾ? ಪೆಟ್ರೋಲ್ ಟ್ಯಾಂಕ್ ಏನು ಮಾಡಬೇಕು? ಆರ್‌ಟಿಒದಲ್ಲಿ ಒಪ್ತಾರಾ? ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಹರಿಹರದ ಲೇತ್‌ನವ

ಬ್ರದರ್, ಕಬ್ಬಿಣದ ಕೆಲಸದ ಬಗ್ಗೆ ನಾನು ಹೇಳ್ತೀನಿ, ವೈರ್ ವಿಷ್ಯ ತಿಳಿದೋರು ಬರ್ತಾರೆ.

ಎಂಜಿನ್ ಕೂರುತ್ತೆ, ಅದರಲ್ಲಿ ಅನುಮಾನ ಬೇಡ. ನಿಮ್ಮ ಎಂಜಿನ್ ಮಾದರಿ ಎಫ್8ಬಿ, ಆಲ್ಟೊದ್ದು ಎಫ್8ಡಿ. ಎರಡೂ 796 ಸಿಸಿ, ಮೂರು ಸಿಲಿಂಡರ್, ಅದೇ 68.5 ಬೋರ್, 72 ಸ್ಟ್ರೋಕ್. ಫರಕು ಹೆಡ್ಡಲ್ಲಿ. ನಿಮ್ಮದಕ್ಕೆ 6 ವಾಲ್ವ್, ಅದಕ್ಕೆ 12. ಕಂಪನಿಯವರೇ 2000ದ ಸುಮಾರಿಗೆ 800 ಗಾಡಿಯಲ್ಲಿ ಈ 12 ವಾಲ್ವಿನ ಎಂಜಿನ್, 5 ಗೇರ್ ಕೂರಿಸಿ ಮಾರಿದ್ರು. ಹಾಗಾಗಿ ಬಾಡಿಗೆ ಇದು ಹೊಸದಲ್ಲ. ಗೇರ್‌ಬಾಕ್ಸ್, ಎರಡೂ ಕಡೆ ಡ್ರೈವ್ ಶಾಫ್ಟ್, ಗೇರ್ ರಾಡು, ಫೌಂಡೇಶನ್ ರಬ್ಬರು, ಅದರ ಬ್ರಾಕೆಟ್ಟು, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಸೈಲೆನ್ಸರಿನ ಮುಂದಿನ ಪೈಪು, ರೇಡಿಯೇಟರ್ ಇಷ್ಟೂ ಅದೇ ಗಾಡಿಯಿಂದ ಎತ್ತಿ. ಶಾಫ್ಟ್ ಉದ್ದ ಹಳೇದರ ಜೊತೆ ಪಕ್ಕಪಕ್ಕ ಇಟ್ಟು ಅಳೆದೇ ಹಾಕಿ.

ದುಡ್ಡು ಕೊಡೋಕೆ ಮುಂಚೆ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಕಟ್ಟೋ ಒತ್ತಡ, ಗೇಜ್ ಹಾಕಿ ನೋಡಿ. ಮೂರೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆಗೆದು, ಚಾರ್ಜ್ ಇರೋ ಬ್ಯಾಟರಿಯಲ್ಲಿ ತಿರುಗಿಸಿ. 12ರಿಂದ 14 ಕೆಜಿ ಬಂದ್ರೆ ಒಳ್ಳೆ ಎಂಜಿನ್. ಮೂರರ ಮಧ್ಯೆ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ವಾಪಸ್ ಬನ್ನಿ. ಒಂದು ಸಿಲಿಂಡರ್ ಕಡಿಮೆ ಬಂತು ಅನ್ನಿ, ಪ್ಲಗ್ ತೂತಿಂದ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಂದ್ಸಲ ನೋಡಿ. ಏರಿದ್ರೆ ರಿಂಗು, ಏರದಿದ್ರೆ ವಾಲ್ವು ಅಥವಾ ಗ್ಯಾಸ್ಕೆಟ್ಟು. 86 ಸಾವಿರ ಅನ್ನೋ ಮೀಟರ್ ನಂಬಬೇಡಿ, ಗೇಜ್ ನಂಬಿ.

ಎಂಜಿನ್ ಹೊರಗಿದ್ದಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಮುಂದಿನ ಹಿಂದಿನ ಆಯಿಲ್ ಸೀಲು, ಕ್ಲಚ್ ಪ್ಲೇಟು ಬದಲಾಯಿಸಿಬಿಡಿ. ಕೂರಿಸಿದ ಮೇಲೆ ಸೀಲಿಂದ ಆಯಿಲ್ ಬಂತು ಅಂತ ಮತ್ತೆ ಇಳಿಸೋದು ಎಂಥ ಸಂಕಟ ಅಂತ ಇಳಿಸಿದವನಿಗೇ ಗೊತ್ತು.

ದುರ್ಗದ ವೈರಿಂಗ್ ಕೆಲಸದವ

ತಮ್ಮಾ, ಎಂಜಿನ್ ಬಗ್ಗೆ ನೀನು ಹತ್ತು ಸಾಲು ಬರ್ದಿದೀಯ, ವೈರಿಂಗ್ ಬಗ್ಗೆ ಒಂದೇ ಸಾಲು. ಗುಜರಿಯೋರು ಬೆಲೆ ಕಟ್ಟಿರೋದೂ ಹಂಗೇ ಐತೆ, ಎಂಜಿನ್ನಿಗೆ 24,000, ವೈರಿಂಗಿಗೆ 2,000. ಆ ಎಂಜಿನ್ ಇವತ್ತು ಬಿಟ್ರೆ ನಾಳೆ ಇನ್ನೊಂದು ಸಿಗ್ತದೆ. ಒಂದು ಕಡೆಯೂ ಕತ್ತರಿ ಬೀಳದ ವೈರಿಂಗ್ ಕಿಟ್ಟು, ಅದೇ ಗಾಡಿಯ ಇಸಿಎಂ, ಅದೇ ಗಾಡಿಯ ಕೀ, ಇವು ಮೂರೂ ಒಟ್ಟಿಗೆ ಸಿಗೋದು ಕಷ್ಟ. ನೀನು ದುಡ್ಡು ಕೊಡ್ತಿರೋದು ಇದಕ್ಕೆ ಅಂತ ತಿಳ್ಕೋ. ಹಂಗಾಗಿ ಪೂರ್ತಿ ಗಾಡೀನೇ ತಗೋ. 38,000ದಲ್ಲಿ 9,000 ವಾಪಸ್ ಬಂದ್ರೆ 29,000. ಬಿಡಿಬಿಡಿಯಾಗಿ ತಗಂಡ್ರೆ 26,000. ಮೂರು ಸಾವಿರ ಉಳಿಸಾಕೆ ಹೋಗಿ ಮೂರು ತಿಂಗಳು ಗಾಡಿ ಶೆಡ್ಡಲ್ಲಿ ನಿಲ್ಲಿಸ್ಕಬ್ಯಾಡ.

ನಾನು 26 ವರ್ಷದಿಂದ ದುರ್ಗದಲ್ಲಿ ಆಟೊ ಎಲೆಕ್ಟ್ರಿಕಲ್ ಕೆಲಸ ಮಾಡ್ತಿದೀನಿ. ಡೈನಮೊ, ಸೆಲ್ಫ್ ಮೋಟರ್ ಸುತ್ತೋದ್ರಿಂದ ಶುರು ಮಾಡಿದೋನು. ಕತ್ತರಿಸಿದ ವೈರಿಂಗ್ ಏನು ಮಾಡ್ತದೆ ಅಂತ ಒಂದು ಗಾಡಿಯಿಂದ ಕಲ್ತೆ, ಅದನ್ನ ಹೇಳ್ತೀನಿ. ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ರು ಹಿಂಗೇ ಎಂಜಿನ್ ಬದಲಾಯಿಸಿದ ಗಾಡಿ ತಂದ್ರು. ಇಸಿಎಂನಿಂದ ಒಂದು ಗೇಣು ಬಿಟ್ಟು ಕಟರಲ್ಲಿ ಕತ್ತರಿಸಿ ತಂದಿದ್ರು. ನಾನು ಒಂದೊಂದೇ ಬಣ್ಣ ನೋಡಿ 43 ಜಾಯಿಂಟ್ ಹಾಕ್ದೆ, 11 ದಿನ ಹಿಡೀತು. ಗಾಡಿ ಸ್ಟಾರ್ಟ್ ಆಯ್ತು, ಅವರು ಖುಷಿಯಿಂದ ತಗಂಡು ಹೋದ್ರು. ಎಂಟು ದಿನಕ್ಕೆ ಹೊಳಲ್ಕೆರೆ ರಸ್ತೇಲಿ ನಿಂತೋಯ್ತು. ಎಳ್ಕಂಡು ಬಂದ್ರೆ ನನ್ನ ಅಂಗಡೀಲಿ ಒಂದೇ ಸೆಲ್ಫಿಗೆ ಸ್ಟಾರ್ಟು. ಹಿಂಗೆ ಮೂರು ಸಲ ಆಯ್ತು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಎಂಜಿನ್ ತಿರುಗೋ ಲೆಕ್ಕ ಕೊಡೋ ಕ್ರ್ಯಾಂಕ್ ಸೆನ್ಸರಿನ ವೈರ್. ಆ ವೈರಿನ ಮೇಲೆ ಜಾಲರಿ ಸುತ್ತಿರ್ತಾರೆ, ಪಕ್ಕದ ಕರೆಂಟಿನ ಗಲಾಟೆ ಒಳಗೆ ಬರದಿರಲಿ ಅಂತ. ನಾನು ಜಾಲರಿ ಬಿಟ್ಟು ಒಳಗಿನ ಎರಡು ವೈರ್ ಮಾತ್ರ ಜೋಡಿಸಿದ್ದೆ, ಅದೂ ಇಗ್ನಿಷನ್ ಕಾಯಿಲ್ ವೈರಿನ ಪಕ್ಕದಲ್ಲೇ. ಎಂಜಿನ್ ಬಿಸಿಯಾಗಿ ಜೋರಾಗಿ ಓಡುವಾಗ ಇಸಿಎಂಗೆ ಸುಳ್ಳು ಲೆಕ್ಕ ಹೋಗ್ತಿತ್ತು. ತಪ್ಪು ನಂದೇ. ಅವತ್ತಿಂದ ಕತ್ತರಿಸಿದ ಕಿಟ್ಟು ಅಂಗಡಿ ಒಳಗೆ ತಗಂಡಿಲ್ಲ.

ಈಗ ನಿನ್ನ ಕೆಲಸ. ಬಿಚ್ಚೋಕೆ ಮುಂಚೆ ಆ ಆಲ್ಟೊ ಇದ್ದ ಜಾಗದಲ್ಲೇ ಸ್ಟಾರ್ಟ್ ಆಗಬೇಕು. ಇದನ್ನ ಬಿಟ್ಟುಕೊಡಬ್ಯಾಡ. ನಿನ್ನ ಬ್ಯಾಟರಿ ತಗಂಡು ಹೋಗು. ಹಿಂದಿನ ಏಟಿಗೆ ಟ್ಯಾಂಕ್ ಮಡಚಿರ್ತದೆ, ಅದರಲ್ಲಿ ಪೆಟ್ರೋಲ್ ಹಾಕಿ ಚಾಲೂ ಮಾಡಬ್ಯಾಡ, ಬೆಂಕಿ ಹತ್ತಿದ್ರೆ ಗುಜರಿ ಪೂರ್ತಿ ಹೋಗ್ತದೆ. ಪಂಪ್ ತೆಗೆದು ಬೇರೆ ಟ್ಯಾಂಕಿಗೆ ಹಾಕಿ, ಗಾಡಿಯಿಂದ ದೂರ ಇಟ್ಟು, ಇಂಜೆಕ್ಷನ್ ಪೈಪಲ್ಲೇ ಲೈನ್ ಕೊಡು. ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲಿರಲಿ. ಕೀ ಆನ್ ಮಾಡಿದ ಕೂಡ್ಲೇ ಪಂಪು ಎರಡು ಮೂರು ಸೆಕೆಂಡ್ ಗುಂಯ್ ಅಂದು ನಿಲ್ಲಬೇಕು, ಮೀಟರಲ್ಲಿ ಚೆಕ್ ಎಂಜಿನ್ ಲ್ಯಾಂಪ್ ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಸ್ಕ್ಯಾನರ್ ಇರೋರನ್ನ ಒಂದು ಗಂಟೆ ಕರ್ಕಂಡು ಹೋಗಿ ಇಸಿಎಂ ಗುರುತು ಹಾಕ್ಕಂಡಿರೋ ತಪ್ಪಿನ ಕೋಡ್ ಓದಿಸು. ಇದ್ದ ಗಾಡೀಲಿ ಓಡಿದ ಎಂಜಿನ್ ನಿನ್ನ ಗಾಡೀಲಿ ಓಡದಿದ್ರೆ ತಪ್ಪು ನಡುವೆ ಎಲ್ಲೋ ಐತೆ ಅಂತ ಖಾತ್ರಿ ಆಗ್ತದೆ. ಓಡೋದನ್ನ ನೋಡದೆ ತಂದ್ರೆ ಸೆನ್ಸರಾ, ಇಸಿಎಂಆ, ನಿನ್ನ ಜಾಯಿಂಟಾ, ಯಾವುದನ್ನ ಅಂತ ಹುಡುಕ್ತೀಯ?

ಕೀ ವಿಷ್ಯ ಇನ್ನೂ ಮುಖ್ಯ. ಆ ಗಾಡಿಗೆ ಇಮ್ಮೊಬಿಲೈಸರ್ (ಕಳ್ಳತನ ತಡೆಯೋ ಎಲೆಕ್ಟ್ರಾನಿಕ್ ಲಾಕು) ಇದ್ರೆ ಕೀ ಒಳಗಿನ ಚಿಪ್ಪು, ಕೀ ಹಾಕೋ ಜಾಗದ ಸುತ್ತ ಇರೋ ಕಾಯಿಲ್ಲು, ಅದರ ಡಬ್ಬಿ, ಇಸಿಎಂ ಇವೆಲ್ಲ ಒಂದಕ್ಕೊಂದು ಗುರುತು ಹಿಡಿದಿರ್ತವೆ. ಒಂದು ಬಿಟ್ಟು ಬಂದ್ರೂ ಎಂಜಿನ್ ತಿರುಗ್ತದೆ, ಉರಿಯಲ್ಲ. ಅದಕ್ಕೆ ಇಗ್ನಿಷನ್ ಲಾಕೇ ಎತ್ತಿಬಿಡು.

ಬಿಚ್ಚೋ ಕ್ರಮ ನಂದು ಹಿಂಗೆ. ಪಂಪಿನ ರಿಲೇ ಕಿತ್ತು ಎಂಜಿನ್ ತಾನೇ ನಿಲ್ಲೋ ತನಕ ಓಡಿಸು, ಪೈಪಿನ ಒತ್ತಡ ಇಳೀತದೆ. ಆ ಪೈಪಲ್ಲಿ ಸುಮಾರು 3 ಬಾರ್ ಇರ್ತದೆ, ನಿನ್ನ ಕಾರ್ಬ್ಯುರೇಟರ್ ಗಾಡಿ ಥರ ಅಲ್ಲ, ಹಂಗೇ ಬಿಚ್ಚಿದ್ರೆ ಪೆಟ್ರೋಲ್ ಮುಖಕ್ಕೆ ಚಿಮ್ತದೆ. ಆಮೇಲೆ ಬ್ಯಾಟರಿ ನೆಗೆಟಿವ್ ತೆಗಿ. ಒಂದು ಕಪ್ಲರ್ (ವೈರ್ ಜೋಡಿಸೋ ಪ್ಲಾಸ್ಟಿಕ್ ಸಾಕೆಟ್) ಬಿಚ್ಚೋಕೂ ಮುಂಚೆ ಮೊಬೈಲಲ್ಲಿ ಫೋಟೊ ಹೊಡಿ, ದೂರದಿಂದ ಒಂದು, ಹತ್ತಿರದಿಂದ ಒಂದು. ಮೇಲೆ ಯಾವ ಪೈಪಿನ ಪಕ್ಕ ಹೋಗೈತೆ, ಯಾವ ಕ್ಲಿಪ್ಪಲ್ಲಿ ಕೂತೈತೆ ಅನ್ನೋದು ಕಾಣಬೇಕು. ಕಾರ್ಖಾನೆಯೋರು ವೈರನ್ನ ಆ ದಾರೀಲಿ ಹಾಕಿರೋದಕ್ಕೆ ಕಾರಣ ಐತೆ, ಸೈಲೆನ್ಸರ್ ಬಿಸಿ ತಾಗಬಾರದು, ಬೆಲ್ಟಿಗೆ ಸಿಗಬಾರದು. ಪ್ರತಿ ಕಪ್ಲರಿಗೂ ಬಟ್ಟೆ ಟೇಪ್ ಸುತ್ತಿ ಬಾಲ್ ಪೆನ್ನಲ್ಲಿ ಹೆಸರು ಬರಿ. ಮಾರ್ಕರ್ ಬ್ಯಾಡ, ಆಯಿಲ್ ಕೈ ತಾಗಿದ್ರೆ ಅಳಿಸೋಗ್ತದೆ.

ಕಪ್ಲರ್ ಬಿಚ್ಚುವಾಗ ವೈರ್ ಹಿಡಿದು ಎಳೀಬ್ಯಾಡ. 20 ವರ್ಷ ಎಂಜಿನ್ ಬಿಸಿಗೆ ಬೆಂದ ಪ್ಲಾಸ್ಟಿಕ್ಕು ಬಿಸ್ಕತ್ತಿನಂಗೆ ಮುರೀತದೆ. ನಮ್ಮ ಕಡೆ ಬಿಸಿಲಿಗಂತೂ ಇನ್ನೂ. ಚಿಕ್ಕ ಸ್ಕ್ರೂ ಡ್ರೈವರಲ್ಲಿ ಲಾಕ್ ಎತ್ತಿ, ಕಪ್ಲರನ್ನ ಮೊದಲು ಒಳಗೆ ಒತ್ತಿ ಆಮೇಲೆ ಹೊರಗೆ ತೆಗಿ. ಬೆಳಿಗ್ಗೆ ಹೊತ್ತು ತಣ್ಣಗಿದ್ದಾಗ ಪ್ಲಾಸ್ಟಿಕ್ ಇನ್ನೂ ಗಡುಸು, ಸ್ವಲ್ಪ ಬಿಸಿನೀರಿನ ಬಟ್ಟೆ ಇಟ್ರೆ ಮೆತ್ತಗಾಗ್ತದೆ. ಎಂಜಿನ್ ಕಡೆ ಎಲ್ಲ ಬಿಚ್ಚಿದ ಮೇಲೆ ಡ್ಯಾಶ್‌ಬೋರ್ಡ್ ಪೂರ್ತಿ ಕಳಚು. ಅರ್ಧ ಕಳಚಿ ಕೈ ತೂರಿಸಿ ಎಳೆಯೋ ಕೆಲಸ ಬ್ಯಾಡ. ಇಸಿಎಂ ಬಿಡಿಸ್ಕೊಂಡು, ಎಂಜಿನ್ನಿಗೂ ಕೂರೋ ಜಾಗಕ್ಕೂ ನಡುವಿನ ತಗಡಿನ ರಬ್ಬರು ಕಳಚಿ ಕಿಟ್ಟನ್ನ ಆ ರಬ್ಬರಿನ ಸಮೇತ ಹೊರಗೆ ತಾ. ರಿಲೇಗಳು, ಫ್ಯೂಸ್ ಬಾಕ್ಸು, ಸ್ಕ್ಯಾನರ್ ಹಾಕೋ ಕಪ್ಲರು, ಟ್ಯಾಂಕಿಗೆ ಹೋಗೋ ವೈರು, ಮೀಟರ್ ಬೋರ್ಡು, ಎಲ್ಲ ಅದರ ಜೊತೇಲೇ ಬರಲಿ. ಬ್ಯಾಡದ್ದು ಮನೇಲಿ ಬಿಚ್ಚಿ ತೆಗೀಬಹುದು, ಬಿಟ್ಟು ಬಂದಿದ್ದು ಮತ್ತೆ ಸಿಗಲ್ಲ. ಎಂಜಿನ್ ಮೇಲೆ ಅರ್ತ್ ವೈರು ಬೋಲ್ಟ್ ಹಾಕಿರೋ ಜಾಗ ಎಲ್ಲೆಲ್ಲಿ ಐತೆ ಅಂತ ಬಿಳಿ ಬಣ್ಣದಲ್ಲಿ ಗುರುತು ಮಾಡು. ಗುಜರಿ ಹುಡುಗ್ರು ಅರ್ತ್ ವೈರನ್ನ ಲೆಕ್ಕಕ್ಕೇ ತಗಳಲ್ಲ, ನನ್ನ ಅಂಗಡಿಗೆ ಬರೋ ಸಮಸ್ಯೆಯಲ್ಲಿ ಅರ್ಧಕ್ಕರ್ಧ ಅಲ್ಲೇ ಇರ್ತದೆ.

ಇನ್ನು ಜೋಡಿಸೋದು. ನೀನು ಪ್ಯಾನೆಲ್ ಬೋರ್ಡ್ ಮಾಡೋನು, ನಿನಗೆ ಇದು ಬೇಗ ಹತ್ತುತ್ತದೆ. ಎರಡು ಬೋರ್ಡ್ ಅಂತ ತಿಳ್ಕೋ. ಲೈಟು, ಹಾರ್ನು, ವೈಪರ್, ಇಂಡಿಕೇಟರ್ ಎಲ್ಲ ನಿನ್ನ ಹಳೇ ಗಾಡಿಯ ವೈರಿಂಗಲ್ಲೇ ಹಂಗೇ ಇರಲಿ, ಕೈ ಹಾಕಬ್ಯಾಡ. ಎಂಜಿನ್ನಿನ ಕಿಟ್ಟು ಪ್ರತ್ಯೇಕ ಬೋರ್ಡು. ಇವೆರಡರ ನಡುವೆ ಕೊಡೋ ತಗಳೋ ವೈರ್ ಬೆರಳಲ್ಲಿ ಎಣಿಸೋವಷ್ಟೇ: ಬ್ಯಾಟರಿಯಿಂದ ಯಾವಾಗ್ಲೂ ಇರೋ ಪಾಸಿಟಿವ್, ಕೀ ಆನ್ ಪಾಸಿಟಿವ್, ಸೆಲ್ಫ್ ಹೊಡೆಯುವಾಗ ಬರೋ ಪಾಸಿಟಿವ್, ಅರ್ತು, ಪಂಪಿಗೆ ಹೋಗೋದು, ಫ್ಯಾನಿಗೆ ಹೋಗೋದು, ಚೆಕ್ ಲ್ಯಾಂಪು, ಸ್ಪೀಡ್ ಸೆನ್ಸರು. ಕೀ ಆನ್ ಪಾಸಿಟಿವ್ ವಿಷ್ಯದಲ್ಲಿ ಒಂದು ಎಚ್ಚರ. ಸೆಲ್ಫ್ ಹೊಡೆಯುವಾಗ ಕೆಲವು ಲೈನ್ ಸತ್ತು ಹೋಗ್ತವೆ, ವೈಪರ್, ಬ್ಲೋವರ್ ಲೈನ್ ಹಂಗೇ. ಅಂಥದ್ರಿಂದ ಇಸಿಎಂಗೆ ಕೊಟ್ರೆ ಎಂಜಿನ್ ತಿರುಗ್ತಾನೇ ಇರ್ತದೆ, ಹತ್ತಲ್ಲ. ಟೆಸ್ಟ್ ಲ್ಯಾಂಪ್ ಹಿಡ್ಕಂಡು ಒಬ್ರಿಗೆ ಸೆಲ್ಫ್ ಹೊಡೆಯೋಕೆ ಹೇಳಿ ನೋಡ್ಕೋ. ಬಣ್ಣ ನೋಡಿ ಯಾವುದನ್ನೂ ಸೇರಿಸಬ್ಯಾಡ, ಮೀಟರಲ್ಲಿ ನೋಡಿ ಸೇರಿಸು.

ನಿನ್ನ ಮೆಕ್ಯಾನಿಕ್ ನಾಲ್ಕು ವೈರ್ ಅಂದಿದ್ದು ಕಾರ್ಬ್ಯುರೇಟರ್ ಎಂಜಿನ್ನಿಗೆ ಸರಿ. ಇಲ್ಲಿ ಮೂರು ಇಂಜೆಕ್ಟರ್, ಗಾಳಿ ಒತ್ತಡದ ಸೆನ್ಸರ್, ಥ್ರಾಟಲ್ ಸೆನ್ಸರ್, ಗಾಳಿ ಬಿಸಿ, ನೀರಿನ ಬಿಸಿ, ಆಕ್ಸಿಜನ್ ಸೆನ್ಸರ್, ಐಡ್ಲಿಂಗ್ ವಾಲ್ವ್ ಇಷ್ಟೂ ಇಸಿಎಂ ಜೊತೆ ಮಾತಾಡ್ತಿರಬೇಕು. ಸೆನ್ಸರ್ ಒಂದೊಂದನ್ನೂ ಮೇಜಿನ ಮೇಲೇ ನೋಡ್ಕೋ. ನೀರಿನ ಬಿಸಿ ನೋಡೋ ಸೆನ್ಸರ್ ತಣ್ಣಗಿದ್ದಾಗ, ಅಂದ್ರೆ 20 ಡಿಗ್ರಿ ಹತ್ರ, ಸುಮಾರು 2.5 ಕಿಲೊಓಮ್ ತೋರಿಸಬೇಕು, 80 ಡಿಗ್ರಿ ನೀರಲ್ಲಿ ಅದ್ದಿದ್ರೆ 0.3ಕ್ಕೆ ಇಳೀಬೇಕು. ಮನೆ ಒಲೆ ಮೇಲೆ ಪಾತ್ರೆ ಇಟ್ಟು ನೋಡಬಹುದು. ಇದು ತಪ್ಪು ತೋರಿಸಿದ್ರೆ ಇಸಿಎಂ ಎಂಜಿನ್ ಇನ್ನೂ ತಣ್ಣಗೈತೆ ಅಂತ ಪೆಟ್ರೋಲ್ ಸುರೀತಾನೇ ಇರ್ತದೆ.

ಜಾಯಿಂಟ್ ಹಾಕೋ ಕಡೆ ಒಳ್ಳೆ ಕ್ರಿಂಪಿಂಗ್ ಪಕ್ಕಡದಲ್ಲಿ ಒತ್ತು, ಮೇಲೆ ಹೀಟ್ ಶ್ರಿಂಕ್ ಹಾಕು. ಬರೀ ಸುತ್ತಿ ಟೇಪ್ ಹಾಕಿದ್ದು ಒಂದು ಮಳೆಗಾಲ ತಡೆಯಲ್ಲ. ಬೆಸುಗೆ ಹಾಕಿದ್ರೆ ಅದರ ಪಕ್ಕದ ವೈರ್ ಗಡುಸಾಗಿ ಎಂಜಿನ್ ಅಲುಗಾಟಕ್ಕೆ ಮುರೀತದೆ, ಬೆಸುಗೆ ಮಾಡೋದೇ ಆದ್ರೆ ಎರಡೂ ಕಡೆ ವೈರನ್ನ ಕಟ್ಟಿ ಹಿಡಿಸು. ಎಂಜಿನ್ನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ಹೊಸ ಅರ್ತ್ ಪಟ್ಟಿ ಹಾಕು, ಬಣ್ಣ ಕೆರೆದು ತಗಡು ಹೊಳೆಯಬೇಕು. ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿಂದ ಬ್ಯಾಟರಿ ನೆಗೆಟಿವಿಗೆ ಮೀಟರ್ ಹಿಡಿದ್ರೆ 0.2 ವೋಲ್ಟ್ ದಾಟಬಾರದು.

ಟ್ಯಾಂಕ್ ವಿಷ್ಯ. ನಿನ್ನ ಗಾಡೀಲಿ ಪಂಪು ಎಂಜಿನ್ ಪಕ್ಕದಲ್ಲಿ ಐತೆ, ಕ್ಯಾಮ್ ಒತ್ತಿದಂಗೆ ಪೆಟ್ರೋಲ್ ಎಳೀತದೆ. ಇದಕ್ಕೆ ಟ್ಯಾಂಕ್ ಒಳಗೇ ಕರೆಂಟ್ ಪಂಪು ಬೇಕು. ಆಲ್ಟೊ ಟ್ಯಾಂಕ್ ಮಡಚಿದ್ರೆ ಅದನ್ನ ಬಡಿದು ನೆಟ್ಟಗೆ ಮಾಡಿಸಾಕೆ ಹೋಗಬ್ಯಾಡ, ಖಾಲಿ ಟ್ಯಾಂಕಲ್ಲೂ ಆವಿ ಇರ್ತದೆ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್) ಬಂದ ಮೇಲಿನ 800ರ ಟ್ಯಾಂಕ್ ಹುಡುಕು, ನಿನ್ನ ಬಾಡಿಗೆ ಅದೇ ಕೂರ್ತದೆ. ಪೈಪೆಲ್ಲ ಇಂಜೆಕ್ಷನ್ ಗಾಡಿಗೆ ಅಂತ ಬರೋದೇ ಇರಲಿ.

ಇಷ್ಟು ಹೇಳಿ ಇನ್ನೊಂದು ಮಾತು. ನಿನಗೆ ಬೇಕಿರೋದು ಜೋರು ಅಲ್ಲ, ಅಪ್ಪ ಓಡಿಸೋ ಗಾಡಿ ನೆಟ್ಟಗೆ ಓಡಬೇಕು, ಅಷ್ಟೇ ಅಲ್ವಾ? ಹಂಗಿದ್ರೆ ಆಲ್ಟೊನೇ ಯಾಕೆ? 2000 ಆದ್ಮೇಲೆ 800ರಲ್ಲೇ ಎಂಪಿಎಫ್‌ಐ ಬಂತು, ಎಂಜಿನ್ ಅದೇ ಎಫ್8ಬಿ, 4 ಗೇರು. ಅಂಥ ಒಂದು ಪೂರ್ತಿ ಗಾಡಿ ಸಿಕ್ರೆ ಟ್ಯಾಂಕು, ಪೈಪು, ಮೀಟರ್ ಬೋರ್ಡು, ಶಾಫ್ಟು ಎಲ್ಲ ಸಲೀಸಾಗಿ ಕೂರ್ತವೆ. ನಾನಾಗಿದ್ರೆ ಅದನ್ನೇ ಹುಡುಕ್ತಿದ್ದೆ.

ಜಗಳೂರು ಓಮ್ನಿ

ಆರ್‌ಟಿಒ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೇನೆ. ನಾನು ನನ್ನ ಓಮ್ನಿಗೆ ಅದೇ ಮಾದರಿಯ ಎಂಜಿನ್ ಹಾಕಿಸಿ ಆರ್‌ಸಿಯಲ್ಲಿ ನಂಬರ್ ಬದಲಾಯಿಸಿಕೊಂಡಿದ್ದೇನೆ.

ಅಣ್ಣ, ಬಿಚ್ಚೋಕೆ ಮುಂಚೆ ಕಚೇರಿಗೆ ಹೋಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಮಾಡಿದ ಬದಲಾವಣೆಯನ್ನು 14 ದಿನದೊಳಗೆ ತಿಳಿಸಬೇಕು ಅಂತಲೂ ಅದರಲ್ಲೇ ಇದೆ. 2019ರ ತಿದ್ದುಪಡಿ ಬಂದ ಮೇಲೆ 182ಎ ಸೇರಿದೆ. ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕನಿಗೆ 6 ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ದಂಡ, ಎರಡೂ ಆಗಬಹುದು. ಅದೇ ಕಂಪನಿ, ಅದೇ ಮಾದರಿ, ಅದೇ ಇಂಧನ ಆದರೆ ಕೇಳೋಕೆ ನಿಮ್ಮ ಕೈಯಲ್ಲಿ ಆಧಾರ ಇರುತ್ತೆ. ಹಾಗಾಗಿ ದುರ್ಗದ ಅಣ್ಣ ಕೊನೆಗೆ ಹೇಳಿದ ಮಾತು ಈ ಲೆಕ್ಕದಲ್ಲೂ ಸರಿ. ಇನ್‌ಸ್ಪೆಕ್ಟರ್ ಹೇಳಿದ್ದನ್ನು ಬಾಯಿಮಾತಲ್ಲಿ ಬಿಡಬೇಡಿ, ಅರ್ಜಿ ಕೊಟ್ಟು ಬರವಣಿಗೆಯಲ್ಲಿ ತಗೊಳ್ಳಿ.

ಗುಜರಿಯವರಿಂದ ಎಂಜಿನ್ ನಂಬರ್ ಬರೆದ ಬಿಲ್ ಬೇಕೇ ಬೇಕು. ಆ ಗಾಡಿಯ ಆರ್‌ಸಿ ಪ್ರತಿ, ಅದರ ನೋಂದಣಿ ರದ್ದಾದ ಕಾಗದ ಕೇಳಿ. ಗಾಡಿ ನಾಶವಾದರೆ 14 ದಿನದೊಳಗೆ ತಿಳಿಸಿ ಆರ್‌ಸಿ ಒಪ್ಪಿಸೋದು ಅದರ ಮಾಲೀಕರ ಜವಾಬ್ದಾರಿ, 55ನೇ ಕಲಂ. ಎಷ್ಟೋ ಗುಜರಿ ಗಾಡಿಗೆ ಇದು ಆಗಿರೋದೇ ಇಲ್ಲ. ಕಾಗದ ಇಲ್ಲ ಅಂದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬಿಡಿ, ಕಳ್ಳತನದ ಗಾಡಿಯದಾಗಿದ್ದರೆ ನೀವು ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತೆ. ಬ್ಲಾಕಿನ ಮೇಲಿನ ನಂಬರ್ ಕೆರೆಯದೆ ತೊಳೆದು ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಆರ್‌ಸಿ ಆದ ಮೇಲೆ ಇನ್ಶೂರೆನ್ಸಿನವರಿಗೂ ಹೊಸ ನಂಬರ್ ತಿಳಿಸಿ.

ನಿಟುವಳ್ಳಿ 800 (ದಾವಣಗೆರೆ)

ಮೂವರಿಗೂ ತುಂಬಾ ಉಪಕಾರ ಆಯ್ತು. ಒಂದೂವರೆ ತಿಂಗಳಾದ ಮೇಲೆ ಬರೀತಿದ್ದೀನಿ, ಕ್ಷಮಿಸಿ.

ಆಲ್ಟೊ ಬಿಟ್ಟೆ. ಕಂಪ್ರೆಷನ್ 12.5, 12, 9 ಬಂತು. ಮೂರನೇದಕ್ಕೆ ಆಯಿಲ್ ಬಿಟ್ಟು ನೋಡಿದ್ರೆ 11ಕ್ಕೆ ಏರಿತು, ಅಂದ್ರೆ ರಿಂಗು. ಆರ್‌ಸಿ ಕೇಳಿದ್ರೆ ನಾಳೆ ಬಾ ಅಂದ್ರು, ಮೂರು ನಾಳೆ ಆದ್ರೂ ಬರಲಿಲ್ಲ. ಆಮೇಲೆ ಹೊನ್ನಾಳಿ ಕಡೆ ನಿವೃತ್ತ ಮೇಷ್ಟ್ರೊಬ್ಬರ ಮನೆ ಮುಂದೆ ಬೇವಿನ ಮರದ ಕೆಳಗೆ ನಿಂತಿದ್ದ 2004ರ 800 ಸಿಕ್ತು, ಎಂಪಿಎಫ್‌ಐ. ಬಾಡಿ ತುಕ್ಕು ಹಿಡಿದು ಬಾಗಿಲು ಕಳಚೋ ಹಾಗಿತ್ತು, ಎಂಜಿನ್ 13, 13, 12.5. ಕಾಗದ ಎಲ್ಲ ಅವರ ಹೆಸರಲ್ಲೇ, ನೋಂದಣಿ ರದ್ದಿಗೆ ಅವರೇ ಬಂದು ಸಹಿ ಹಾಕಿದ್ರು. ಆರ್‌ಟಿಒದಲ್ಲಿ ಅರ್ಜಿ ಕೊಟ್ಟು, ಒಪ್ಪಿಗೆ ಕಾಗದ ಕೈಗೆ ಬಂದ ಮೇಲೇ ಸ್ಪ್ಯಾನರ್ ಹಿಡಿದೆ.

ವೈರಿಂಗ್ ಕೀಳೋಕೆ ಎರಡು ದಿನ, 57 ಚೀಟಿ. ಒಂದು ವೈರೂ ಕತ್ತರಿಸಲಿಲ್ಲ. ನಿನ್ನೆ ಸಂಜೆ ಎಂಜಿನ್ ಹತ್ತಿತು, ಐಡ್ಲಿಂಗ್ ಅಲ್ಲಾಡದೆ ನಿಂತಿದೆ, ಹೊಗೆ ಇಲ್ಲ. ಆದರೆ ಅಣ್ಣ, ಚೆಕ್ ಎಂಜಿನ್ ಲ್ಯಾಂಪ್ ಕೀ ಆನ್ ಮಾಡಿದ್ರೂ ಹತ್ತಲ್ಲ. ಅಪ್ಪನಿಗೆ ಅವರ ಹಳೇ ಮೀಟರ್ರೇ ಇರಲಿ ಅಂತ ಆಸೆ, ಅದಕ್ಕೆ ಅದನ್ನ ಬದಲಾಯಿಸಿಲ್ಲ. ಫ್ಯಾನ್ ಸರಿಯಾಗಿ ಬರ್ತಿದೆ. ಹೀಗೇ ಓಡಿಸಬಹುದಾ?

ದುರ್ಗದ ವೈರಿಂಗ್ ಕೆಲಸದವ

ಓಡಿಸಬ್ಯಾಡ ತಮ್ಮಾ, ಲ್ಯಾಂಪ್ ಇಲ್ದೆ ಇಸಿಎಂ ಏನು ಹೇಳ್ತದೆ ಅಂತ ನಿಮ್ಮಪ್ಪಂಗೆ ಗೊತ್ತಾಗೋದು ಹೆಂಗೆ? ಕಾರ್ಬ್ಯುರೇಟರ್ ಗಾಡಿಯ ಮೀಟರಲ್ಲಿ ಆ ಲ್ಯಾಂಪೇ ಇಲ್ಲ, ಹತ್ತೋದಾದ್ರೂ ಯಾವುದು. ಮೀಟರ್ ಬದಲಾಯಿಸೋದು ಬ್ಯಾಡ. ಇಸಿಎಂ ಆ ಲ್ಯಾಂಪಿಗೆ ಪಾಸಿಟಿವ್ ಕೊಡಲ್ಲ, ಅರ್ತ್ ಕೊಡ್ತದೆ. ಒಂದು ಚಿಕ್ಕ 12 ವೋಲ್ಟ್ ಬಲ್ಬ್ ತಗಂಡು ಒಂದು ಕಡೆ ಫ್ಯೂಸ್ ದಾಟಿ ಬಂದ ಕೀ ಆನ್ ಪಾಸಿಟಿವ್, ಇನ್ನೊಂದು ಕಡೆ ನೀನು ಚೀಟಿ ಅಂಟಿಸಿರೋ ಲ್ಯಾಂಪ್ ವೈರ್ ಕೊಡು. ಸ್ಟೀರಿಂಗ್ ಪಕ್ಕ ಕಾಣೋ ಕಡೆ ಹಾಕು. ಸ್ಪೀಡ್ ಸೆನ್ಸರ್ ವೈರ್ ಎಲ್ಲಿಗೆ ಸೇರಿಸಿದೀಯ? ಹಳೇ ಮೀಟರಿಗೆ ಕೇಬಲ್ ಮಾತ್ರ ಬರ್ತದೆ, ಸೆನ್ಸರ್ ಇಲ್ದೆ ಹೋದ್ರೆ ಲ್ಯಾಂಪ್ ಹತ್ತಿ ಕೂರಬಹುದು. ಹಂಗಾದ್ರೆ ಕೋಡ್ ಓದಿಸಿ ಹೇಳು.

ನಿಟುವಳ್ಳಿ 800 (ದಾವಣಗೆರೆ)

ಬಲ್ಬ್ ಹಾಕಿದೆ ಅಣ್ಣ, ಆಶ್‌ಟ್ರೇ ಪಕ್ಕದಲ್ಲಿ. ಕೀ ಆನ್ ಮಾಡಿದ್ರೆ ಹತ್ತುತ್ತೆ, ಸ್ಟಾರ್ಟ್ ಆದ ಮೇಲೆ ಆರುತ್ತೆ. ಆನಗೋಡಿನವರೆಗೆ ಹೋಗಿ ಬಂದ್ವಿ. ವಾಪಸ್ ಬರುವಾಗ ನೀವು ಹೇಳಿದ ಹಾಗೇ ಮತ್ತೆ ಹತ್ತಿ ಕೂತಿದೆ, ಗಾಡಿ ಓಡೋದ್ರಲ್ಲಿ ಏನೂ ವ್ಯತ್ಯಾಸ ಇಲ್ಲ. ಭಾನುವಾರ ಗಾಡಿ ತಗೊಂಡು ನಿಮ್ಮ ಅಂಗಡಿಗೇ ಬರ್ತೀನಿ, ಹಳೇ ಮೀಟರ್, ಹೊಸ ಮೀಟರ್ ಎರಡೂ ತರ್ತೀನಿ. ಅಪ್ಪನೂ ಬರ್ತಾರಂತೆ, ಅವರೇ ಓಡಿಸ್ಕೊಂಡು.